ಎರಡು ಮಧ್ಯ ಇರುವೆಗಳು

ಪರದೇಶದವರು ಬಂದು ಭಾಷಣ ಮಾಡುವ ಸಭಾಂಗಣಗಳಲ್ಲೆಲ್ಲ ಅವನಿಗೆ ಸುಮಾರಪ್ಪ ಎಂಬ ಹೆಸರೇ ಗಟ್ಟಿಯಾಗಿಬಿಟ್ಟಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಗುರುತಿನ ಚೀಟಿಯ ಮೇಲೆ ಮಾತ್ರ ಉಳಿದಿತ್ತು. ಕಸುಬಿನಲ್ಲಿ ಅವನು ದುಭಾಷಿ. ಸಭೆಯ ಹಿಂಭಾಗದಲ್ಲಿ, ಲಿಫ್ಟಿನಷ್ಟೇ ಅಗಲದ ಗಾಜಿನ ಗೂಡಿನಲ್ಲಿ ಕೂತು, ವೇದಿಕೆಯ ಮೇಲಿನವರು ಅವರ ಭಾಷೆಯಲ್ಲಿ ಹೇಳಿದ್ದನ್ನು ಅದೇ ಉಸಿರಿನಲ್ಲಿ ಕನ್ನಡಕ್ಕೆ ತಿರುಗಿಸುವುದು ಅವನ ಕೆಲಸ. ಸಭಿಕರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಿದ್ದರು. ದನಿ ಅಂದರೆ ದನಿ. ಸಿಮೆಂಟಿನ ಗುಣಮಟ್ಟದ ಬಗ್ಗೆ ಅವನು ಅನುವಾದಿಸಿದ್ದನ್ನು ಕೇಳಿ ಮುಂದಿನ ಸಾಲಿನ ಹೆಂಗಸೊಬ್ಬರು ಕಣ್ಣೊರೆಸಿಕೊಂಡಿದ್ದರು.

ಆದರೆ ಅಂಕಿ ಬಂತೋ, ಸುಮಾರಪ್ಪನ ಎದೆ ಧಸಕ್ಕೆನ್ನುತ್ತಿತ್ತು.

ಅದಕ್ಕೆ ಕಾರಣವಿತ್ತು. ಕಸುಬಿಗೆ ಇಳಿದ ಹೊಸತರಲ್ಲಿ ಗಿಡ ನೆಡುವ ಸಂಸ್ಥೆಯ ಅತಿಥಿಯೊಬ್ಬರು ಒಂದು ಮಿಲಿಯನ್ ಸಸಿ ಕೊಡುವುದಾಗಿ ಹೇಳಿದ್ದರು. ಮಿಲಿಯನ್ ಅಂದರೆ ಹತ್ತು ಲಕ್ಷ. ಸುಮಾರಪ್ಪನ ಬಾಯಿಂದ ಬಂದದ್ದು ಒಂದು ಕೋಟಿ. ಸಭೆ ಚಪ್ಪಾಳೆಯಿಂದ ನಡುಗಿತು. ಇಷ್ಟು ದೊಡ್ಡ ಚಪ್ಪಾಳೆ ಜನ್ಮದಲ್ಲಿ ಕೇಳಿರದ ಅತಿಥಿ ಭಾವುಕರಾಗಿ, ಒಂದಲ್ಲ, ಎರಡು ಮಿಲಿಯನ್ ಕೊಡುತ್ತೇನೆ ಅಂದರು. ಸುಮಾರಪ್ಪನೂ ಧಾರಾಳವಾಗಿ ಎರಡು ಕೋಟಿ ಮಾಡಿದ. ಜನ ಎದ್ದು ನಿಂತರು. ಸಸಿಗಳಿಗೆ ಗುಂಡಿ ತೋಡಲು ಹೊರಟ ನಗರಸಭೆಯವರು, ಊರಿನ ರಸ್ತೆಗಳನ್ನೂ ಅಂಗಳಗಳನ್ನೂ ಸೇರಿಸಿ ಅಳೆದರೂ ಜಾಗ ಸಾಲುವುದಿಲ್ಲವೆಂದು ದೂರಿದಾಗಲೇ ವಿಷಯ ಹೊರಬಿದ್ದದ್ದು.

ಆಮೇಲೆ ಅವನು ಸಂಖ್ಯೆಗಳ ಸಹವಾಸವನ್ನೇ ಬಿಟ್ಟ. ಬದಲಿಗೆ ತನಗೆಂದೇ ಒಂದು ಏಣಿ ಮಾಡಿಕೊಂಡ. ಕೆಳಗಿನ ಮೆಟ್ಟಿಲು ‘ಸಾವಿರಾರು’, ಅದರ ಮೇಲೆ ‘ಲಕ್ಷಾಂತರ’, ಆಮೇಲೆ ‘ಕೋಟ್ಯಂತರ’, ‘ಅಗಣಿತ’, ‘ಅಸಂಖ್ಯಾತ’. ತೀರ ತುದಿಯಲ್ಲಿ ‘ಲೆಕ್ಕವಿಲ್ಲದಷ್ಟು’. ಅತಿಥಿಯ ದನಿ ಎಷ್ಟು ಏರುತ್ತದೋ ಅಷ್ಟು ಮೆಟ್ಟಿಲು ಹತ್ತಿಬಿಡುವುದು. ಚಿಕ್ಕಪುಟ್ಟ ಅಂಕಿಗಳಿಗೆ ಮುಂದೊಂದು ‘ಸುಮಾರು’ ಸೇರಿಸುವುದು. “ನಾನು ಸುಮಾರು ಒಬ್ಬಳೇ ಮಗಳು” ಎಂದು ಒಬ್ಬ ಪಾಪದ ಲೇಖಕಿಯ ಬಾಯಲ್ಲಿ ಹೇಳಿಸಿದ ದಿನ ಅವನಿಗೆ ಆ ಹೆಸರು ಅಂಟಿಕೊಂಡಿತು.

ಹೀಗಿದ್ದೂ ಅವನ ಅನ್ನಕ್ಕೆ ಕಲ್ಲು ಬೀಳಲಿಲ್ಲವೆಂದರೆ ಅದಕ್ಕೆ ಹೆಂಡತಿ ಕಾರಣ. ಅವಳೂ ದುಭಾಷಿಯೇ. ಗಾಜಿನ ಗೂಡಿನಲ್ಲಿ ಯಾವಾಗಲೂ ಇಬ್ಬರು ಇರುತ್ತಾರೆ; ಒಬ್ಬರು ಸುಸ್ತಾದಾಗ ಇನ್ನೊಬ್ಬರು ಮೈಕು ಹಿಡಿಯುತ್ತಾರೆ. ಅವಳ ದನಿ ಸಾದಾ, ಆದರೆ ತಲೆ ಕತ್ತರಿಯಂಥದು. ಗಂಡನ ಸರದಿಯಲ್ಲಿ ಅಂಕಿ ಬಂದರೆ ಅವಳು ಪಟಕ್ಕನೆ ಕಾಗದದ ಚೂರಿನ ಮೇಲೆ ಕನ್ನಡದಲ್ಲಿ ಬರೆದು ಮುಂದೆ ತಳ್ಳುತ್ತಿದ್ದಳು. ಅವನು ಅದನ್ನು ಜೇನಿನಂಥ ದನಿಯಲ್ಲಿ ಓದುತ್ತಿದ್ದ. ಅವಳಿಗೆ ಬಿಡುವಿಲ್ಲದಾಗ ಮಾತ್ರ ಏಣಿ ಹತ್ತುತ್ತಿದ್ದ.

ಪ್ರಾಣಿಶಾಸ್ತ್ರ ಸಂಘದವರು ಈ ಇಬ್ಬರನ್ನೂ ಕರೆದದ್ದು ಇರುವೆ ಮೇಡಂ ಭಾಷಣಕ್ಕೆ. ಆಕೆ ದೂರದೇಶದ ವಿಜ್ಞಾನಿ. ತಲೆ ನರೆಯುವ ತನಕ ಮಾಡಿದ್ದು ಒಂದೇ ಕೆಲಸ: ಭೂಮಿಯ ಮೇಲೆ ಇರುವೆಗಳು ಎಷ್ಟಿವೆ ಎಂದು ಎಣಿಸುವುದು. ಭಾಷಣದ ಬರಹ ಒಂದು ವಾರ ಮುಂಚೆಯೇ ಬಂತು. ಸುಮಾರಪ್ಪ ಮೊದಲ ಪುಟ ಓದಿ, “ಇರುವೆ ತಾನೆ, ಇರುವೆ ಎಲ್ಲರಿಗೂ ಗೊತ್ತು” ಎಂದು ಮಡಚಿಟ್ಟ. ಹೆಂಡತಿ ಕೊನೆಯ ಪುಟದವರೆಗೂ ಓದಿ, ಇಪ್ಪತ್ತು ಕ್ವಾಡ್ರಿಲಿಯನ್ ಎಂಬಲ್ಲಿ ನಿಂತಳು. ಎರಡರ ಮುಂದೆ ಹದಿನಾರು ಸೊನ್ನೆ. ಅದಕ್ಕೆ ಕನ್ನಡದಲ್ಲಿ ಏನೆನ್ನುವುದು? ಗ್ರಂಥಾಲಯದಲ್ಲಿ ಎರಡು ದಿನ ಕೂತು ಧೂಳು ಕುಡಿದು ಬಂದಳು.

ರಾತ್ರಿ ಊಟಕ್ಕೆ ಕೂತಾಗ ಅವಳ ಮುಖ ಅರಳಿತ್ತು. ಮೇಜಿನ ಆ ಕಡೆ ಅವಳ ಅಪ್ಪ. ಆತ ಜೀವಮಾನವೆಲ್ಲ ದರ್ಜಿಯಾಗಿದ್ದು, ಈಗ ಮಗಳ ಮನೆಯಲ್ಲಿ ಇದ್ದುಕೊಂಡು, ಅಳಿಯನ ಪ್ಯಾಂಟುಗಳ ಅಂಚನ್ನು ಕೇಳದೆಯೇ ಸರಿಮಾಡುತ್ತಿದ್ದವರು.

“ಅಪ್ಪಾ, ನಮ್ಮ ಸ್ವಂತ ಕನ್ನಡದ ಎಣಿಕೆ ನೂರಕ್ಕೇ ಮುಗಿಯುತ್ತೆ, ಗೊತ್ತಾ? ಸಾವಿರ ಕೂಡ ಸಂಸ್ಕೃತದ ಸಹಸ್ರ ಸವೆದು ಸವೆದು ಆಗಿದ್ದು.”

“ನೂರು ಸಾಕಮ್ಮ. ನೂರಕ್ಕಿಂತ ದಪ್ಪ ಸೊಂಟ ನಾನು ಅಳೆದಿದ್ದೇ ಅಪರೂಪ.”

“ಕೇಳಿ. ಕೋಟಿ ಅಂದ್ರೆ ಮೊದಲು ಬಿಲ್ಲಿನ ತುದಿ. ಇನ್ನೇನು ಇದೇ ಕೊನೆ ಅಂದ್ಕೊಂಡಿರಬೇಕು. ಆಮೇಲೆ ಅದರ ಮೇಲೂ ಬೇಕಾಯ್ತು. ಹತ್ತು ಕೋಟಿಗೆ ಅರ್ಬುದ ಅಂದ್ರು.”

“ಅದು ಕಾಯಿಲೆ ಅಲ್ವೇನೇ?” ಎಂದ ಸುಮಾರಪ್ಪ.

“ಗೆಡ್ಡೆ, ಊತ ಅಂತ ಅರ್ಥ. ಸಂಖ್ಯೆನೂ ಊದಿಕೊಂಡಿತಲ್ಲ! ಅದಕ್ಕೂ ಮೇಲೆ ಅಬ್ಜ, ಅಂದ್ರೆ ಕಮಲ. ಆಮೇಲೆ ಸಾವಿರ ಕೋಟಿಗೆ ಖರ್ವ.”

“ಖರ್ವ ಅಂದ್ರೆ?”

“ಕುಳ್ಳ.”

“ಸಾವಿರ ಕೋಟಿಗೆ ಕುಳ್ಳ ಅಂತ ಹೆಸರಾ?” ಅಪ್ಪ ತುತ್ತು ನಿಲ್ಲಿಸಿದರು.

“ಆಮೇಲೆ ದೊಡ್ಡ ಕಮಲ, ಗೂಟ, ಕಡಲು. ಕಡಲಾದ ಮೇಲೆ ಅಂತ್ಯ. ಅಂತ್ಯ ಆದಮೇಲೆ ಮಧ್ಯ. ಮಧ್ಯ ಆದಮೇಲೆ ಪರಾರ್ಧ, ಅಂದ್ರೆ ಆಚೆಯ ಅರ್ಧ.”

ಸುಮಾರಪ್ಪ ನಕ್ಕು ನಕ್ಕು ನೀರು ಕುಡಿದ. “ಮೊದಲು ಮುಗಿಸಿ, ಆಮೇಲೆ ನಡುವಿಗೆ ಬಂದು, ಕೊನೆಗೆ ಅರ್ಧ ಮಾಡೋದು! ನಮ್ಮ ನಗರಸಭೆ ರಸ್ತೆ ಕೆಲಸ ಇದ್ದಂಗಿದೆ.”

“ಇಂಥವನು ಶರಟು ಹೊಲಿದಿದ್ರೆ ಕಾಲರು ಮೊಣಕಾಲಿಗೆ ಬರ್ತಿತ್ತು” ಎಂದು ಅಪ್ಪ ದನಿಗೂಡಿಸಿದರು.

“ಮೇಡಂ ಸಂಖ್ಯೆ ಸರಿಯಾಗಿ ಎರಡು ಮಧ್ಯ ಆಗುತ್ತೆ ಕಣ್ರೀ. ಇನ್ನೊಂದು ಪಟ್ಟಿನೂ ಇದೆ, ಅದರಲ್ಲಿ ಬೇರೆ ಹೆಸರು...” ಅಷ್ಟರಲ್ಲಿ ಮಾವ ಅಳಿಯ ಇಬ್ಬರೂ ಕುಳ್ಳನನ್ನೂ ಗೂಟವನ್ನೂ ಹಿಡಿದುಕೊಂಡು ಮತ್ತೆ ನಗತೊಡಗಿದ್ದರು. ಅವಳು ತಟ್ಟೆ ಎತ್ತಿಕೊಂಡು ಹೋದಳು.

ಭಾಷಣದ ಬೆಳಗ್ಗೆ ಮನೆಯಲ್ಲಿ ಹೊರಡುವ ಗಡಿಬಿಡಿ. ಕುರ್ಚಿಯ ಮೇಲೆ ಅವಳು ಇಟ್ಟ ಕೈಚೀಲದ ಅಡಿಯಲ್ಲಿ ಸುಮಾರಪ್ಪನ ಕನ್ನಡಕ ಸಿಕ್ಕಿ ಒಂದು ಕಾಲು ಸೊಟ್ಟಗಾಗಿತ್ತು.

“ಕನ್ನಡಕದ ಮೇಲೆ ಚೀಲ ಇಡಬೇಡ ಅಂತ ನಿಂಗೆ ಲಕ್ಷ ಸಲ ಹೇಳಿದ್ದೀನಿ!”

“ಎರಡು ಸಲ” ಎಂದಳು ಅವಳು. “ಹೋದ ವರ್ಷ ಒಂದು ಸಲ. ಈಗೊಂದು ಸಲ.”

“ಮಾತಿಗೆ ಹೇಳಿದ್ದು ಕಣೇ.”

“ಲಕ್ಷ ಸಲ ಹೇಳೋಕೆ ನಿಮಗೆ ಇನ್ನೂ ಮೂರು ಜನ್ಮ ಬೇಕು. ನಾನು ಹೇಳಿದ್ದಕ್ಕೆ ಒಂದು ಸಲನಾದ್ರೂ ಲಕ್ಷ್ಯ ಕೊಟ್ಟಿದ್ದೀರಾ? ಊಟದ ಹೊತ್ತಲ್ಲಿ ಎಷ್ಟು ಆಸೆಯಿಂದ ಹೇಳ್ತಿದ್ದೆ. ಹಲ್ಲು ಕಿಸಿದಿರಿ. ಸರಿ, ಇವತ್ತು ನಿಮ್ಮ ಸರದಿಲಿ ನಾನು ಅಂಕಿ ಬರೆದುಕೊಡಲ್ಲ. ಲಕ್ಷ ಕೋಟಿ ಎಲ್ಲ ನಿಮ್ಮ ಬಾಯಲ್ಲೇ ಇದೆಯಲ್ಲ, ನೀವೇ ನೋಡ್ಕೊಳ್ಳಿ.”

ಸುಮ್ಮನೆ ಬೆದರಿಸುತ್ತಿದ್ದಾಳೆ ಅಂದುಕೊಂಡ ಸುಮಾರಪ್ಪ. ಮಾವನವರೂ ಇಸ್ತ್ರಿ ಮಾಡಿದ ಶರಟು ತೊಟ್ಟು ಜತೆಗೆ ಹೊರಟರು. ಇರುವೆಗಳ ಬಗ್ಗೆ ಅವರಿಗೆ ತಮ್ಮದೇ ಕೆಲವು ದೂರುಗಳಿದ್ದವು.

ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಇರುವೆ ಮೇಡಂ ತೆಳ್ಳಗೆ, ಚುರುಕಾಗಿ, ಎರಡು ಬೆರಳಿನ ನಡುವೆ ಏನನ್ನೋ ಹಿಡಿದಂತೆ ಕೈಯಾಡಿಸುತ್ತ ಮಾತಾಡತೊಡಗಿದರು. ಮೊದಲ ಸರದಿ ಹೆಂಡತಿಯದು. ಇರುವೆಗಳ ಕಾಲು, ಮೀಸೆ, ಗೂಡು ಕಟ್ಟುವ ಬಗೆ ಎಲ್ಲ ಸಲೀಸಾಗಿ ಹೋಯಿತು. ಅವಳು ಮೈಕು ಬಿಟ್ಟುಕೊಟ್ಟಳು, ಪೆನ್ನಿನ ಮುಚ್ಚಳ ಹಾಕಿದಳು, ಕೈಕಟ್ಟಿ ಕೂತಳು.

ಸುಮಾರಪ್ಪ ಗಂಟಲು ಸರಿಮಾಡಿಕೊಂಡ. ಆ ಕ್ಷಣದಿಂದಲೇ ಅಂಕಿಗಳ ಮಳೆ ಶುರುವಾಯಿತು. ಒಂದೇ ಗೂಡಿನಲ್ಲಿ ಎಂಟು ಮಿಲಿಯನ್ ಇರುವೆ. ಅವನು ಹೆಂಡತಿಯತ್ತ ನೋಡಿದ. ಅವಳು ಚಾವಣಿ ನೋಡುತ್ತಿದ್ದಳು. ಗಾಬರಿಯಲ್ಲಿ ಲಕ್ಷಾಂತರವನ್ನು ಹಾರಿ “ಕೋಟ್ಯಂತರ” ಅಂದುಬಿಟ್ಟ. ಒಂದು ಕಾಡಿನಲ್ಲಿ ಇಷ್ಟು ಬಿಲಿಯನ್. “ಅಗಣಿತ!” ಒಂದು ದ್ವೀಪದಲ್ಲಿ ಅದಕ್ಕಿಂತ ಹೆಚ್ಚು. “ಅಸಂಖ್ಯಾತ!” ಅಷ್ಟರಲ್ಲಿ ನೋಡಿದರೆ, ಏಣಿಯಲ್ಲಿ ಉಳಿದದ್ದು ಒಂದೇ ಮೆಟ್ಟಿಲು. ಮೇಡಂ ಇನ್ನೂ ದ್ವೀಪದಲ್ಲೇ ಇದ್ದರು. ಮುಂದೆ ಖಂಡಗಳಿದ್ದವು. ಒಂದು ಖಂಡಕ್ಕೆ “ಅಸಂಖ್ಯಾತಕ್ಕೂ ಮಿಗಿಲು” ಅಂದ, ಇನ್ನೊಂದಕ್ಕೆ “ಅದಕ್ಕೂ ಒಂದು ಕೈ ಮೇಲು” ಅಂದ. ಬೆವರು ಹೆಡ್‌ಫೋನಿನೊಳಗೆ ಇಳಿಯಿತು.

ಮೇಡಂ ಒಂದು ಗುಟುಕು ನೀರು ಕುಡಿದು, ದನಿ ತಗ್ಗಿಸಿ, ಇಷ್ಟು ವರ್ಷ ತಾನೂ ತನ್ನ ಜತೆಗಾರರೂ ಕಾಡುಕಾಡಿನ ಮಣ್ಣನ್ನು ಜರಡಿ ಹಿಡಿದು ಕಂಡುಕೊಂಡದ್ದನ್ನು ಈಗ ಹೇಳುತ್ತೇನೆ ಅಂದರು. ಆಕೆ ಒಂದೊಂದೇ ಮಾತು ಬಿಡಿಸಿ ಹೇಳಿದರು: ಭೂಮಿಯ ಮೇಲಿನ ಒಟ್ಟು ಇರುವೆಗಳು, ಇಪ್ಪತ್ತು ಕ್ವಾಡ್ರಿಲಿಯನ್.

ಸುಮಾರಪ್ಪ ಕಣ್ಣು ಮುಚ್ಚಿ, ಇದ್ದಬದ್ದ ಜೇನನ್ನೆಲ್ಲ ಸುರಿದು ಹೇಳಿದ: “ಲೆಕ್ಕವಿಲ್ಲದಷ್ಟು!”

ಚಪ್ಪಾಳೆ ಬಿತ್ತು. ಅವನು ಹಿಂದಕ್ಕೊರಗಿದ. ಬಚಾವಾದೆ ಅಂದುಕೊಂಡ.

ಪ್ರಶ್ನೆಗಳ ಹೊತ್ತು ಬಂತು. ಎದ್ದು ನಿಂತದ್ದು ಮಾವನವರು.

“ಅಮ್ಮಾ, ನಾನು ದರ್ಜಿ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ಎಣಿಸಿ ಎಣಿಸಿ ಕೊನೆಗೆ ಲೆಕ್ಕವಿಲ್ಲದಷ್ಟು ಅಂದ್ರಿ. ಅದನ್ನ ನಾನು ಮನೇಲಿ ಕೂತೇ ಹೇಳ್ತಿದ್ದೆನಲ್ಲ! ಗಿರಾಕಿಗೆ ನಿನ್ನ ಸೊಂಟ ಅಳತೆಗೆ ಸಿಗದಷ್ಟು ಅಂತ ಹೇಳಿದ್ರೆ ಅವನು ಪ್ಯಾಂಟು ಹಾಕ್ಕೊಳ್ಳೋದು ಹೆಂಗೆ?”

ಇದನ್ನು ಮೇಡಂ ಭಾಷೆಗೆ ತಿರುಗಿಸಬೇಕಾದವನು ಸುಮಾರಪ್ಪನೇ. ಇದ್ದದ್ದು ಇದ್ದಹಾಗೆ ಹೇಳಿದರೆ ತನ್ನ ಬಂಡವಾಳ ಬಯಲಾಗುತ್ತದೆ. “ಈ ಹಿರಿಯರು ನಿಮ್ಮ ಶ್ರಮವನ್ನು ತುಂಬ ಮೆಚ್ಚಿದ್ದಾರೆ, ಮನೆಯಲ್ಲಿ ಪ್ಯಾಂಟು ಹೊಲಿಯುತ್ತಾರಂತೆ” ಎಂದು ಹೇಳಿ ಮುಗಿಸಿದ. ಮೇಡಂ ಕೈಮುಗಿದು, ಅದು ಬಹಳ ಒಳ್ಳೆಯ ಕಸುಬು, ಧನ್ಯವಾದ ಅಂದರು.

“ನಾನೇನು ಕೇಳಿದೆ, ಅವರೇನು ಹೇಳಿದ್ರು?” ಮಾವನವರು ನಿಂತೇ ಇದ್ದರು.

ಅವರ ಪಕ್ಕದಲ್ಲಿ ಇನ್ನೊಬ್ಬರು ಎದ್ದರು. ಊರಿಗೆಲ್ಲ ನಿಘಂಟು ಮೇಷ್ಟ್ರು ಎಂದೇ ಹೆಸರಾದವರು. ಯಾವ ಪದ ಕೇಳಿದರೂ ಅದರ ಅಜ್ಜನ ಕಾಲದಿಂದ ಶುರುಮಾಡುವವರು. “ಮೊದಲು ಅಗಣಿತ ಅಂದಿರಿ. ಅಂದರೆ ಎಣಿಸಿಲ್ಲ ಅಂತಾಯಿತು. ಆಮೇಲೆ ಅಸಂಖ್ಯಾತ. ಎಣಿಸೋಕೇ ಆಗದು ಅಂತಾಯಿತು. ಆಗದ್ದನ್ನು ಇವರು ಹೇಗೆ ಮಾಡಿದರು? ಉತ್ತರ ಬೇಕು.”

ಸುಮಾರಪ್ಪ ಮೇಡಂಗೆ, “ಇವರೂ ಮೆಚ್ಚಿದ್ದಾರೆ” ಅಂದ.

ಮೇಡಂ ದಡ್ಡಿಯೇನಲ್ಲ. ಮೆಚ್ಚಿದವರ ಮುಖ ಹೀಗೆ ಗಂಟಿಕ್ಕಿರುವುದಿಲ್ಲವೆಂದು ಆಕೆಗೂ ಗೊತ್ತಿತ್ತು. ಮೈಕಿನ ಹತ್ತಿರ ಬಾಗಿ, ಸಭೆಯ ತಲೆಗಳ ಮೇಲಿಂದ ನೇರವಾಗಿ ಗಾಜಿನ ಗೂಡನ್ನೇ ನೋಡುತ್ತ ಏನೋ ಕೇಳಿದರು. ಕನ್ನಡದವರೆಲ್ಲ ಅನುವಾದಕ್ಕಾಗಿ ಹೆಡ್‌ಫೋನು ಒತ್ತಿ ಹಿಡಿದರು.

ದುಭಾಷಿಗಳ ಕಸುಬಿನಲ್ಲಿ ಒಂದು ಕಟ್ಟಳೆ. ‘ಅವರು ಹೀಗೆ ಕೇಳುತ್ತಿದ್ದಾರೆ’ ಎನ್ನುವಂತಿಲ್ಲ. ಮಾತಾಡುವವರ ಬಾಯೇ ತಾನಾಗಿ ಹೇಳಬೇಕು. ಸುಮಾರಪ್ಪ ಬೇರೆ ದಾರಿಯಿಲ್ಲದೆ ಹೇಳಿದ: “ದುಭಾಷಿಗಳೇ, ನಾನು ಹೇಳಿದ ಸಂಖ್ಯೆಯನ್ನು ನೀವು ಇವರಿಗೆ ಎಷ್ಟು ಅಂತ ಹೇಳಿದಿರಿ?”

ಉತ್ತರ ಹೇಳಬೇಕಾದವನೂ ಅವನೇ ತಾನೆ. ಕುರ್ಚಿಗಳು ಕಿರುಗುಟ್ಟಿದವು. ಇಡೀ ಸಭೆ ತಿರುಗಿ ಗಾಜಿನೊಳಗಿನ ಅವನನ್ನು ನೋಡತೊಡಗಿತು. ಅಂಗಡಿಯ ತೊಟ್ಟಿಯಲ್ಲಿ ಉಳಿದ ಕೊನೆಯ ಮೀನಿನ ಹಾಗೆ ಅವನು ಬಾಯಿ ತೆರೆದ, ಮುಚ್ಚಿದ.

ಹೆಂಡತಿಯ ಕಡೆ ತಿರುಗಿದ. ಈ ಸಲ ಮುಖದಲ್ಲಿ ನಾಟಕವಿರಲಿಲ್ಲ. “ತಪ್ಪಾಯ್ತು ಕಣೇ” ಎಂದು ತುಟಿಯಲ್ಲಷ್ಟೇ ಅಂದ. ಅವಳು ಒಂದು ಗಳಿಗೆ ನೋಡಿದಳು. ಪೆನ್ನಿನ ಮುಚ್ಚಳ ತೆಗೆದು ಬರೆದು ತಳ್ಳಿದಳು.

ಅವನು ಮೈಕಿನಲ್ಲಿ ಹೇಳಿದ: “ಸಭಿಕರು ಕ್ಷಮಿಸಬೇಕು. ಅವರು ಖಚಿತವಾದ ಸಂಖ್ಯೆಯನ್ನೇ ಹೇಳಿದ್ದರು. ನಾನು ತಪ್ಪಿದೆ. ಭೂಮಿಯ ಮೇಲಿನ ಇರುವೆಗಳು... ಎರಡು ಮಧ್ಯ.”

ಹಿಂದಿನ ಸಾಲಿನಿಂದ ಯಾರೋ, “ಎರಡು ಮದ್ಯನಾ? ಯಾವುದು, ಬಿಯರಾ?” ಎಂದರು. ನಗೆ ಅಲೆಯಂತೆ ಹಬ್ಬಿತು.

“ಮಹಾಪ್ರಾಣ, ಮಹಾಪ್ರಾಣ!” ಎಂದು ಸುಮಾರಪ್ಪ ಕೂಗಿದ. “ಮ-ಧ್-ಯ! ನಡು!”

“ಯಾವುದರ ನಡು?” ಎಂದರು ಮಾವ. ನಡು ಅವರ ಕಸುಬಿನ ಪದ.

ನಿಘಂಟು ಮೇಷ್ಟ್ರು ಕುರ್ಚಿಯ ಮೇಲೆ ಹತ್ತುವುದೊಂದು ಬಾಕಿ. “ತಪ್ಪು! ಆ ಹಳೇ ಪಟ್ಟಿಯನ್ನು ಯಾರು ಬಳಸ್ತಾರೆ? ಈಚಿನ ಪಟ್ಟಿಯಲ್ಲಿ ಇದು ಇಪ್ಪತ್ತು ಪದ್ಮ!”

ಹೆಂಡತಿ ಗಂಡನನ್ನು ಪಕ್ಕಕ್ಕೆ ಸರಿಸಿ ಮೈಕಿಗೆ ಬಾಯಿಟ್ಟಳು. “ಹಳೇ ಪಟ್ಟಿಯಲ್ಲೂ ಮಹಾಪದ್ಮ ಇದೆ ಮೇಷ್ಟ್ರೇ, ಆದ್ರೆ ಅದು ಲಕ್ಷ ಕೋಟಿ. ನಿಮ್ಮ ಪದ್ಮ ಅದರ ಸಾವಿರದಷ್ಟು. ಪದ್ಮ ಅಂದ್ರೆ ಯಾವ ಪದ್ಮ ಅಂತ ಜನ ತಿಳ್ಕೋಬೇಕು?”

“ಮಧ್ಯ ಅಂದರೆ ಮಾತ್ರ ತಿಳೀತದಾ?”

ಸಭೆಯಲ್ಲಿ ಎರಡು ಪಕ್ಷವಾಯಿತು. ಎಡಗಡೆಯವರು ಪದ್ಮ, ಬಲಗಡೆಯವರು ಮಧ್ಯ. ನಡುವೆ ಯಾರೋ ಒಬ್ಬರು ಇನ್ನೂರು ಕೋಟಿ ಕೋಟಿ ಅಂದರೆ ಸಾಕಪ್ಪ ಎಂದು ಗೋಗರೆಯುತ್ತಿದ್ದರು. ಸಂಘದ ಕಾರ್ಯದರ್ಶಿ ಗಾಜಿನ ಲೋಟಕ್ಕೆ ಚಮಚ ಬಡಿದು ಬಡಿದು ಸೋತರು. ಮೇಡಂಗೆ ತಾನು ಹೇಳಿದ ಇರುವೆಗಳ ಮೇಲೆ ಇವರೆಲ್ಲ ಯಾಕೆ ಕಮಲ ಎಸೆದಾಡುತ್ತಿದ್ದಾರೆಂದು ತಿಳಿಯಲಿಲ್ಲ.

ಸುಮಾರಪ್ಪ ಆಗ ಮಾಡಬೇಕಾದದ್ದನ್ನು ಮಾಡಿದ. ಮೇಡಂ ಭಾಷೆಯಲ್ಲಿ ಎಲ್ಲವನ್ನೂ ಹೇಳಿಕೊಂಡ. ತಾನು ಲೆಕ್ಕವಿಲ್ಲದಷ್ಟು ಅಂದದ್ದು, ದರ್ಜಿಯ ನಿಜವಾದ ಪ್ರಶ್ನೆ, ಮೆಚ್ಚಿಗೆಯ ಸುಳ್ಳು, ಹೆಸರು ಯಾವುದೆಂಬ ಜಗಳ, ಒಂದನ್ನೂ ಬಿಡಲಿಲ್ಲ. ಮೇಡಂ ಕೇಳುತ್ತ ಕೇಳುತ್ತ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡು ಅವನ ಜೀವ ಹಾರಿತು. ಕೈ ತೆಗೆದಾಗ ನೋಡಿದರೆ ನಗು.

ಆಕೆ ದರ್ಜಿಯ ಕಡೆ ತಿರುಗಿ ಮಾತಾಡತೊಡಗಿದರು. ಸುಮಾರಪ್ಪ ಅವರ ಬಾಯಾದ.

“ನಿಮ್ಮ ಪ್ರಶ್ನೆ ಸರಿ. ಅಳತೆ ಮೈಗೆ ಹೊಂದಬೇಕು. ಇಷ್ಟು ದೊಡ್ಡ ಸಂಖ್ಯೆ ನನಗೂ ಹೊಂದುವುದಿಲ್ಲ. ಹಾಗಾಗಿ ನಾನೊಂದು ಕೆಲಸ ಮಾಡುತ್ತೇನೆ. ಇರುವೆಗಳನ್ನೆಲ್ಲ ಭೂಮಿಯ ಮೇಲಿನ ಜನಕ್ಕೆಲ್ಲ ಸಮನಾಗಿ ಹಂಚುತ್ತೇನೆ. ಆಗ ನಿಮ್ಮ ಒಬ್ಬರ ಪಾಲಿಗೆ ಬರುವುದು...”

ಎರಡೂವರೆ ಮಿಲಿಯನ್, ಎಂದರು ಮೇಡಂ.

ಮತ್ತದೇ ಮಿಲಿಯನ್. ಕೋಟಿ ಎಂಬ ಪದ ನಾಲಿಗೆಯ ತುದಿಯಲ್ಲಿ ಬಂದು ಕೂತು ಕಾಲಾಡಿಸಿತು. ಅವನು ಅದನ್ನು ನುಂಗಿದ. ಹೆಂಡತಿ ಪೆನ್ನು ಎತ್ತಿದ್ದಳು, ಆದರೆ ಅವನು ಬೇಡವೆಂದು ತಲೆಯಾಡಿಸಿ, ಶಾಲೆಯ ಹುಡುಗನ ಹಾಗೆ ಮೇಜಿನ ಅಡಿಯಲ್ಲಿ ಬೆರಳು ಮಡಚಿದ. ಒಂದಕ್ಕೆ ಹತ್ತು ಲಕ್ಷ. ಎರಡಕ್ಕೆ ಇಪ್ಪತ್ತು. ಇನ್ನು ಅರ್ಧಕ್ಕೆ ಐದು. ಸಭೆ ಕಾಯುತ್ತಿತ್ತು.

“...ಇಪ್ಪತ್ತೈದು ಲಕ್ಷ” ಎಂದ. ಮುಂದೆ ‘ಸುಮಾರು’ ಇರಲಿಲ್ಲ. ಮೇಡಂ ಮಾತ್ರ ಒಂದು ‘ಸುಮಾರು’ ಹೇಳಿದ್ದರು. ಅದೊಂದು ಸಲ, ಬೇಕಾದ ಕಡೆಯಲ್ಲೇ, ಅವನು ಅದನ್ನು ಬಿಟ್ಟುಬಿಟ್ಟಿದ್ದ. ಹೆಂಡತಿ ಹಣೆ ಚಚ್ಚಿಕೊಂಡಳು, ಆದರೆ ತುಟಿ ಮಾತ್ರ ನಗುತ್ತಿತ್ತು.

ಸಭೆ ಈಗ ನಿಜವಾಗಿ ಬೆರಗಾಯಿತು. ಲಕ್ಷ ಎಲ್ಲರ ಮನೆಯ ಪದ. ಜನ ತಮ್ಮ ತಮ್ಮ ಅಕ್ಕಪಕ್ಕ ನೋಡಿಕೊಂಡರು, ಪಾಲಿಗೆ ಬಂದವು ಕುರ್ಚಿಯ ಕೆಳಗೇ ನಿಂತಿವೆಯೋ ಎಂಬಂತೆ.

“ನನ್ನೊಬ್ಬನಿಗೇ ಇಪ್ಪತ್ತೈದು ಲಕ್ಷ?” ಮಾವನವರು ಒಂದಿಷ್ಟು ಯೋಚಿಸಿದರು. “ಸರಿಯಾಗೇ ಇದೆ ಬಿಡಿ. ನನ್ನವೆಲ್ಲ ಎಲ್ಲಿವೆ ಅಂತ ನಂಗೊತ್ತು. ಸಕ್ಕರೆ ಡಬ್ಬಿಲಿ.”

ಇದನ್ನು ಸುಮಾರಪ್ಪ ಒಂದಕ್ಷರ ಬಿಡದೆ ತಿರುಗಿಸಿದ. ಮೇಡಂ ವೇದಿಕೆಯಿಂದ ಇಳಿದು ಬಂದು ದರ್ಜಿಯ ಕೈಕುಲುಕಿದರು.

ಆಮೇಲೆ ಚಹಾದ ಹೊತ್ತಿನಲ್ಲಿ ಆಕೆ ಸುಮಾರಪ್ಪನನ್ನು ಹುಡುಕಿಕೊಂಡು ಬಂದರು. ಬೈಯುತ್ತಾರೇನೋ ಎಂದು ಅವನು ಕಂಬದ ಮರೆಗೆ ಸರಿದಿದ್ದ. ಆಕೆಗೆ ಬೇಕಾಗಿದ್ದದ್ದು ಅವನ ಏಣಿಯ ತುದಿಯ ಮೆಟ್ಟಿಲು. ಲೆಕ್ಕವಿಲ್ಲದಷ್ಟು ಎಂಬ ಪದದ ಪೂರ್ತಿ ಅರ್ಥ ಏನು ಎಂದು ಕೇಳಿದರು. ಅವನು ಹಿಂಜರಿಯುತ್ತ ವಿವರಿಸಿದ. ಲೆಕ್ಕವಿಲ್ಲ ಅಂದರೆ ಬಹಳ ಅಂತಲೂ ಹೌದು. ಆದರೆ ಒಂದು ಅಕ್ಷರ ಆಚೀಚೆ ಮಾಡಿ ‘ಲೆಕ್ಕಕ್ಕಿಲ್ಲ’ ಅಂದರೆ, ಇದ್ದರೂ ಇಲ್ಲದಿದ್ದರೂ ಒಂದೇ, ಯಾರೂ ಕೇಳುವವರಿಲ್ಲ ಎಂದು. ಮೇಡಂ ಲೋಟ ಕೆಳಗಿಟ್ಟರು. ತಾನು ಚಿಕ್ಕಂದಿನಲ್ಲಿ ಇರುವೆ ಎಣಿಸುತ್ತ ಕೂತಾಗ ತನ್ನ ಅಮ್ಮ ಇದೇ ಎರಡನೆಯದನ್ನೇ ಹೇಳುತ್ತಿದ್ದರು, ತಮ್ಮ ಭಾಷೆಯಲ್ಲಿ ಅದಕ್ಕೆ ಇಷ್ಟು ಚೆನ್ನಾದ ಪದವಿರಲಿಲ್ಲ ಅಂದರು. ಪಕ್ಕದಲ್ಲೇ ನಿಂತಿದ್ದ ಹೆಂಡತಿ ಗಂಡನ ತಟ್ಟೆಯಿಂದ ಒಂದು ಬಿಸ್ಕತ್ತು ಎತ್ತಿಕೊಂಡಳು. ಇಬ್ಬರೂ ಮಾತುಬಿಟ್ಟ ದಿನಗಳಲ್ಲಿ ಅವಳು ಅವನ ತಟ್ಟೆಗೆ ಕೈ ಹಾಕುತ್ತಿರಲಿಲ್ಲವಾದ್ದರಿಂದ, ಅವನು ಉಳಿದ ಬಿಸ್ಕತ್ತುಗಳನ್ನೂ ಅವಳತ್ತ ತಳ್ಳಿದ.

ಮರುದಿನದ ಪತ್ರಿಕೆಯಲ್ಲಿ ಸುದ್ದಿ ಬಂತು. ತಲೆಬರಹ: ‘ಜಗತ್ತಿನ ಇರುವೆಗಳಿಗೆ ಎರಡು ಮದ್ಯ: ವಿಜ್ಞಾನಿ’. ನಿಘಂಟು ಮೇಷ್ಟ್ರು ಮೂರು ಕಂತಿನಲ್ಲಿ ಖಂಡನೆ ಬರೆದರು. ಮದ್ಯವಿರೋಧಿ ಕೂಟದವರೊಬ್ಬರು ಪ್ರಾಣಿಶಾಸ್ತ್ರ ಸಂಘಕ್ಕೆ ಫೋನು ಮಾಡಿ, ಮೂಕಪ್ರಾಣಿಗಳನ್ನಾದರೂ ಬಿಡಿ ಎಂದರಂತೆ.

ಆ ವಾರದ ಕೊನೆಗೆ ಅಡುಗೆಮನೆಯ ಗೋಡೆಯ ಮೇಲೆ ಕಿಟಕಿಯಿಂದ ಒಲೆಕಟ್ಟೆಯವರೆಗೆ ಇರುವೆ ಸಾಲು ಹೊರಟಿತ್ತು. ಹೆಂಡತಿ ಒದ್ದೆಬಟ್ಟೆ ಹಿಡಿದು ಬಂದಳು. ಅಪ್ಪ ಅಡ್ಡ ನಿಂತರು.

“ತಡಿಯಮ್ಮ, ಒರೆಸಬೇಡ.”

“ಯಾಕಪ್ಪ?”

“ಇವು ನಮ್ಮ ಪಾಲಿನವೋ, ಪಕ್ಕದ ಮನೆಯವರ ಪಾಲಿನವೋ ಮೊದಲು ನೋಡಣ. ನಮ್ಮವಾದ್ರೆ ಇರಲಿ. ಅವರವಾದ್ರೆ ವಾಪಸ್ ಕಳಿಸು.”

ಸುಮಾರಪ್ಪ ಸೊಟ್ಟಗಿನ ಕನ್ನಡಕವನ್ನು ಮೂಗಿನ ಮೇಲೆ ಒತ್ತಿ ಹಿಡಿದು ಗೋಡೆಗೆ ಮುಖ ತಾಗುವಷ್ಟು ಬಗ್ಗಿದ. ಮಾವ ಟೇಪು ತಂದರು. ಹೆಂಡತಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಚಹಾಕ್ಕೆ ನೀರಿಟ್ಟಳು. ಇವರಿಬ್ಬರ ಎಣಿಕೆ ಬೇಗ ಮುಗಿಯುವ ಲಕ್ಷಣ ಕಾಣಲಿಲ್ಲ.